ಸಹಾಯ ಬೇಕು: ಅಮ್ಮನ ಜೊತೆ ಬಾಲಿಯ ಬಾಟೂರ್ ಜ್ವಾಲಾಮುಖಿ, ಜಲಪಾತ ಒಂದೇ ದಿನದಲ್ಲಿ ಆಗುತ್ತಾ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪ ಅಮ್ಮನನ್ನು ಕರೆದುಕೊಂಡು ಬಾಲಿಗೆ ಹೋಗುತ್ತಿದ್ದೇನೆ, ಉಬುದ್‌ನಲ್ಲಿ ಉಳಿಯುತ್ತೇವೆ. ಗೈಡ್ ಜೊತೆ ಒಂದು ದಿನದ ಟ್ರಿಪ್ ನೋಡಿದ್ದೇನೆ: ರಾತ್ರಿ 2 ಗಂಟೆಗೆ ಹೋಟೆಲ್‌ಗೆ ಕಾರು ಬರುತ್ತದೆ, ಟಾರ್ಚ್ ಹಿಡಿದು ಬಾಟೂರ್ ಹತ್ತಬೇಕು, 1,717 ಮೀಟರ್ ಎತ್ತರದಲ್ಲಿ ಸೂರ್ಯೋದಯ ನೋಡಿ ಇಳಿದ ಮೇಲೆ ತುಕಾಡ್ ಚೆಪುಂಗ್, ತೆಗೆನುಂಗನ್ ಜಲಪಾತ.

ನನ್ನ ಚಿಂತೆ ಅಮ್ಮನದು. ವಯಸ್ಸು 61, ಮಂಡಿನೋವು ಇದೆ. ಹೋದ ವರ್ಷ ಶ್ರವಣಬೆಳಗೊಳದಲ್ಲಿ ಹತ್ತುವಾಗ ಏನೂ ಆಗಲಿಲ್ಲ, ಇಳಿಯುವಾಗ ಮಾತ್ರ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಅಡ್ಡಡ್ಡ ಇಳಿದರು, ಆದರೂ ನೋವು ಅಂತ ಬಾಯಿ ಬಿಟ್ಟು ಹೇಳಲಿಲ್ಲ. ಬಾಟೂರ್‌ನಲ್ಲಿ ಇಳಿಯುವ ದಾರಿ ಸಡಿಲ ಮಣ್ಣು, ಪುಡಿಗಲ್ಲು, ಜಾರುತ್ತೆ ಅಲ್ವಾ? ಅದಕ್ಕೇ ಹತ್ತುವುದು ಬಿಟ್ಟು ಜೀಪ್‌ನಲ್ಲಿ ಎದುರಿನ ಗುಡ್ಡದಿಂದ ನೋಡಿ, ಕಪ್ಪು ಲಾವಾ ಬಯಲಿಗೆ ಹೋಗೋಣ ಅಂತಿದ್ದೇನೆ. ಹೋಗಿ ಬಂದವರು ದಯವಿಟ್ಟು ಹೇಳಿ, ಜೀಪ್ ಕುಲುಕಾಟ ವಯಸ್ಸಾದವರಿಗೆ ಜಾಸ್ತಿ ಆಗುತ್ತಾ?

ತುಕಾಡ್ ಚೆಪುಂಗ್‌ನಲ್ಲಿ ಮೆಟ್ಟಿಲು ಇಳಿದ ಮೇಲೆ ಬಂಡೆಗಳ ಮಧ್ಯೆ ನೀರಿನಲ್ಲೇ ನಡೆಯಬೇಕಂತೆ. ಬೆಳಗಿನ ಬಿಸಿಲು ಮೇಲಿಂದ ಕೋಲಿನ ಹಾಗೆ ಬೀಳುವ ಆ ಜಾಗ ಅಮ್ಮನಿಗೆ ತೋರಿಸಲೇಬೇಕು ಅಂತ ನನಗೆ ತುಂಬಾ ಆಸೆ. ಕೈ ಹಿಡಿದುಕೊಂಡರೆ ಆಗುತ್ತಾ, ಇಲ್ಲ ತೆಗೆನುಂಗನ್ ಒಂದೇ ಸಾಕಾ? ಅಲ್ಲಿ ಮೇಲಿಂದಲೇ ಜಲಪಾತ ಕಾಣುತ್ತದೆ.

ಇನ್ನೊಂದು, ಅಮ್ಮ ಮೊಟ್ಟೆಯನ್ನೂ ತಿನ್ನಲ್ಲ. ತಿಂಡಿಗೆ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಲಾ?