ಓದುಗರ ಸ್ಪಂದನ: ಕೊಂಡ ಟಿಕೆಟ್ಟು, ಖಾಲಿ ಕುರ್ಚಿ

ಕಳೆದ ಸಂಚಿಕೆಯಲ್ಲಿ ಹಳೇ ಮೈಸೂರು ಸೀಮೆಯ ತಾಲ್ಲೂಕು ಕೇಂದ್ರವೊಂದರ ಟಾಕೀಸ್ ಮಾಲೀಕರೊಬ್ಬರು ತಮ್ಮ ಇಕ್ಕಟ್ಟನ್ನು ಹೇಳಿಕೊಂಡಿದ್ದರು. ಟೂರಿಂಗ್ ಟೆಂಟಿನಿಂದ ಶುರು ಮಾಡಿದ ಅವರ ಅಜ್ಜ ಕಟ್ಟಿಸಿದ, ಆರುನೂರು ಆಸನಗಳ ಟಾಕೀಸು ಅದು. ಈಗ ವಾರಗಟ್ಟಲೆ ಆಟವಿಲ್ಲ. ನಾಲ್ವರು ಕೆಲಸಗಾರರಿಗೆ ಐದು ತಿಂಗಳ ಸಂಬಳ ಬಾಕಿಯಿದೆ. ಚುನಾವಣೆಗೆ ನಿಲ್ಲಲು ತಯಾರಾಗುತ್ತಿರುವ ಸ್ಥಳೀಯ ಮುಖಂಡರೊಬ್ಬರು, ತಮ್ಮ ಪ್ರಚಾರಕ್ಕೆ ಬರಲಿರುವ ನಟರ ಹೊಸ ಚಿತ್ರದ ಎರಡು ವಾರದ ಟಿಕೆಟ್ಟುಗಳನ್ನೆಲ್ಲ ತಾವೇ ಕೊಳ್ಳುವುದಾಗಿ ಮುಂದೆ ಬಂದಿದ್ದಾರೆ. ಬದಲಿಗೆ ನಟರ ಕಟೌಟಿನ ಪಕ್ಕದಲ್ಲಿ ಅವರ ಕಟೌಟೂ ನಿಲ್ಲಬೇಕು, ಟಾಕೀಸಿನ ಅಂಗಳ ಅವರ ಸಭೆಗೆ ಸಿಗಬೇಕು. ‘ಒಪ್ಪಿಕೊಳ್ಳಲೇ, ಬಾಗಿಲು ಹಾಕಲೇ?’ ಎಂಬುದು ಪ್ರಶ್ನೆ. ಹೆಸರು ಹಾಕಬೇಡಿ ಎಂದು ಹಲವರು ಕೋರಿರುವುದರಿಂದ ಯಾರ ಹೆಸರನ್ನೂ ಪ್ರಕಟಿಸಿಲ್ಲ.

ಮೊದಲು ಅತಿ ಚಿಕ್ಕ ಪತ್ರ.

ಲೆಕ್ಕಪರಿಶೋಧಕರು, ಹಾಸನ

ನಾಲ್ವರಿಗೆ ಐದು ತಿಂಗಳಿಂದ ಸಂಬಳ ಕೊಡದವರು ಆತ್ಮಸಾಕ್ಷಿಯ ಪ್ರಶ್ನೆಯನ್ನು ಮುಖಂಡರಿಂದ ಶುರು ಮಾಡಬಾರದು. ಮೊದಲು ಸಂಬಳ ಕೊಡಿ. ಆಮೇಲೆ ಪತ್ರ ಬರೆಯಿರಿ.

ಮಾತು ಕಟುವಾದರೂ ಅದರಲ್ಲಿರುವ ನ್ಯಾಯವನ್ನು ಅಲ್ಲಗಳೆಯಲಾಗದು. ಮುಂದಿನದು ಬಂದ ಪತ್ರಗಳಲ್ಲೇ ಅತಿ ದೀರ್ಘವಾದದ್ದು. ಅದನ್ನು ಮೊಟಕುಗೊಳಿಸಲು ನಮಗೆ ಮನಸ್ಸಾಗಲಿಲ್ಲ.

ರೈತರು, ಮದ್ದೂರು ತಾಲ್ಲೂಕು

ಆ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಾಲೀಕರು ಟಾಕೀಸಿನ ಒಳಗಿನಿಂದ ನೋಡುತ್ತಿರುವುದನ್ನು ನಾನು ಹದಿನಾಲ್ಕು ವರ್ಷ ಹೊರಗಡೆ, ಕಟೌಟಿನ ಬುಡದಲ್ಲಿ ನಿಂತು ನೋಡಿದವನು. ನಾನು ಅಭಿಮಾನಿ ಸಂಘದ ಕಾರ್ಯದರ್ಶಿಯಾಗಿದ್ದೆ. ಬಿಡುಗಡೆಯ ಹಿಂದಿನ ರಾತ್ರಿ ಸರ್ವೆ ಗಳ ಕಟ್ಟಿ ಕಟೌಟ್ ಎತ್ತುವುದು, ಬಣ್ಣದ ಕಾಗದದ ಸ್ಟಾರು ಕಟ್ಟುವುದು, ಬೆಳಗಿನ ಜಾವ ಏಣಿ ಹತ್ತಿ ಹಾಲೆರೆಯುವುದು, ಎಲ್ಲದಕ್ಕೂ ನಾನೇ ಮುಂದು. ಒಂದು ಸಲ ಡೇರಿಗೆ ಅಳೆಯಬೇಕಿದ್ದ ಹಾಲಿನ ಕ್ಯಾನನ್ನು ನಮ್ಮವ್ವ ಒಂದು ಮಾತೂ ಆಡದೆ ನನ್ನ ಕೈಗೆ ಕೊಟ್ಟಿದ್ದಳು. ಆ ವಾರದ ಹಾಲಿನ ಬಟವಾಡೆಯಲ್ಲಿ ಎಷ್ಟು ಕಡಿಮೆ ಬಂತೆಂದು ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ.

2019ರ ಲೋಕಸಭಾ ಚುನಾವಣೆ ಬಂದಾಗ ಅಂಬರೀಶ್ ತೀರಿಕೊಂಡು ಐದು ತಿಂಗಳೂ ಆಗಿರಲಿಲ್ಲ. ಸುಮಲತಾ ಅವರು ಪಕ್ಷೇತರರಾಗಿ ನಿಂತರು. ಎದುರಿಗೆ ಆಗಿನ ಮುಖ್ಯಮಂತ್ರಿಗಳ ಮಗ ನಿಖಿಲ್, ಅವರೂ ನಟರೇ. ದರ್ಶನ್ ಮತ್ತು ಯಶ್ ಸುಡುಬಿಸಿಲಿನಲ್ಲಿ ಊರೂರು ಸುತ್ತಿದರು. ಕಹಳೆ ಊದುವ ರೈತನ ಗುರುತು ಹಿಡಿದು ನಾನೂ ಗದ್ದೆ ಕೆಲಸ ಬಿಟ್ಟು ಇಪ್ಪತ್ತು ದಿನ ತಿರುಗಿದೆ. ನನಗೆ ಯಾರೂ ದುಡ್ಡು ಕೊಡಲಿಲ್ಲ, ನಾನು ಕೇಳಲೂ ಇಲ್ಲ. ಸಿನಿಮಾದ ಮೇಲಿನ ಪ್ರೀತಿಯೇ ಮತದ ಮೇಲಿನ ಪ್ರೀತಿ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ನಮ್ಮ ಬಾವ ಹುಟ್ಟಿನಿಂದ ತೆನೆ ಹೊತ್ತ ಮಹಿಳೆಯ ಪಕ್ಷದವರು. ಮೇ 23ರಂದು ಫಲಿತಾಂಶ ಬಂದು, ನಮ್ಮವರು 1.25 ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರೆಂದು ಗೊತ್ತಾದಾಗ, ಹುಡುಗರನ್ನು ಕಟ್ಟಿಕೊಂಡು ಹೋಗಿ ಬಾವನ ಮನೆಯ ಮುಂದೆಯೇ ಪಟಾಕಿ ಸರ ಹಚ್ಚಿದೆ. ಅಕ್ಕ ಬಾಗಿಲಿಗೆ ಬಂದು ನಿಂತಳು. ಹೊಗೆಯಲ್ಲಿ ಅವಳ ಮುಖ ಸರಿಯಾಗಿ ಕಾಣಲಿಲ್ಲ. ಆಮೇಲೆ ಬಾಗಿಲು ಮುಂದಕ್ಕೆಳೆದುಕೊಂಡಳು.

ಅಂದಿನಿಂದ ಬಾವ ನಮ್ಮ ಹೊಸ್ತಿಲು ತುಳಿದಿಲ್ಲ. ಅವ್ವ ಹೋದಾಗ ಮಣ್ಣಿಗೆ ಬಂದರು, ತಿಥಿಗೆ ಬರಲಿಲ್ಲ. ಇತ್ತ 2024ರ ಹೊತ್ತಿಗೆ ಆ ಎರಡು ಪಾಳಯಗಳೂ ಮೈತ್ರಿಯಾಗಿ ಒಂದೇ ಕಡೆ ಸೇರಿದವು. ನಾವು ಯಾರ ಎದುರು ಕೂಗಿದ್ದೆವೋ ಅವರ ಪರವಾಗಿಯೇ ನಮ್ಮವರು ಮಾತನಾಡಿದರು. ರಾಜಕೀಯದಲ್ಲಿ ಅದು ನಡೆಯುವಂಥದ್ದೇ, ನಾನು ಯಾರನ್ನೂ ದೂರುವುದಿಲ್ಲ. ಆದರೆ ಅವರು ಒಂದಾದಷ್ಟು ಸುಲಭವಾಗಿ ನಮ್ಮ ಎರಡು ಮನೆಗಳು ಒಂದಾಗಲಿಲ್ಲ. ಪಟಾಕಿ ಹಚ್ಚಿದ ಕೈ ನನ್ನದು, ತಪ್ಪೂ ನನ್ನದೇ.

ಸ್ವಾಮಿ, ನೀವು ಟಿಕೆಟ್ಟಿನ ಲೆಕ್ಕ ಮಾತ್ರ ಬರೆದಿದ್ದೀರಿ. ಆ ಕಟೌಟನ್ನು ಎತ್ತುವ ಹುಡುಗರ ವಿಷಯ ಬರೆದಿಲ್ಲ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟರೊಬ್ಬರ ಹುಟ್ಟುಹಬ್ಬಕ್ಕೆ ರಾತ್ರಿ ಕಟೌಟ್ ನಿಲ್ಲಿಸಲು ಹೋದ ಮೂವರು ಹುಡುಗರು ಕರೆಂಟ್ ಹೊಡೆದು ಸತ್ತರು. ನಿಮ್ಮ ಅಂಗಳದಲ್ಲಿ ನಟನ ಪಕ್ಕ ಮುಖಂಡನೂ ನಿಂತರೆ, ಏಣಿ ಹತ್ತುವ ಹುಡುಗನಿಗೆ ತಾನು ಯಾರಿಗಾಗಿ ಹತ್ತುತ್ತಿದ್ದೇನೆ ಎಂಬುದೂ ಗೊತ್ತಿರುವುದಿಲ್ಲ. ಬೇಡ. ಬಾಗಿಲು ಹಾಕಿದರೂ ಪರವಾಗಿಲ್ಲ, ಬೇಡ.

ಈ ಓದುಗರು ತಮ್ಮ ಅಕ್ಕನಿಗೂ ಒಂದು ಪತ್ರ ಬರೆಯಲಿ ಎಂಬುದು ನಮ್ಮ ಕೋರಿಕೆ. ಇನ್ನು ಪ್ರಶ್ನೆಯನ್ನು ತುಸು ದೂರದಿಂದ ನೋಡಿದ ಒಂದು ಪತ್ರ.

ನಿವೃತ್ತ ರಾಜ್ಯಶಾಸ್ತ್ರ ಅಧ್ಯಾಪಕರು, ಧಾರವಾಡ

ಮಾಲೀಕರ ಸಮಸ್ಯೆಗೆ ನೇರ ಉತ್ತರ ಕೊಡುವ ಅಧಿಕಾರ ನನಗಿಲ್ಲ. ಆದರೆ ಅವರ ಎದುರು ಕುಳಿತು ಮಾತನಾಡಿದ ಮುಖಂಡರು ಕೊಳ್ಳಲು ಹೊರಟಿರುವ ವಸ್ತು ಎಂಥದ್ದು ಎಂಬುದನ್ನು ಕೇಳಿಕೊಳ್ಳಬೇಕು. ತಮಿಳುನಾಡಿನಲ್ಲಿ ಎಂಜಿಆರ್ 1977ರಲ್ಲಿ ಮುಖ್ಯಮಂತ್ರಿಯಾದರು. ಆಂಧ್ರದಲ್ಲಿ 1982ರಲ್ಲಿ ಪಕ್ಷ ಕಟ್ಟಿದ ಎನ್‌ಟಿಆರ್ ಮರುವರ್ಷವೇ ಅಧಿಕಾರ ಹಿಡಿದರು. ಅದೇ 1982ರಲ್ಲಿ ನಮ್ಮಲ್ಲಿ ಡಾ. ರಾಜ್‌ಕುಮಾರ್ ಗೋಕಾಕ್ ಚಳವಳಿಯ ಮುಂಚೂಣಿಯಲ್ಲಿ ನಿಂತು ನಾಡೆಲ್ಲ ಸುತ್ತಿದಾಗ ಸೇರಿದ್ದ ಜನಸಾಗರ ಯಾವ ಪಕ್ಷಕ್ಕಾದರೂ ಆಸೆ ಹುಟ್ಟಿಸುವಂಥದ್ದಾಗಿತ್ತು. ಅವರು ಆ ಜನರನ್ನು ಭಾಷೆಗೆ ಒಪ್ಪಿಸಿ ಮನೆಗೆ ಮರಳಿದರು, ಮತ ಕೇಳಲಿಲ್ಲ. ಅದಕ್ಕೂ ಮೊದಲು, 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಅವರನ್ನು ಇಂದಿರಾ ಗಾಂಧಿಯವರ ಎದುರು ನಿಲ್ಲಿಸುವ ಪ್ರಯತ್ನ ನಡೆದಾಗಲೂ ದೂರವೇ ಉಳಿದಿದ್ದರು. ಕನ್ನಡದ ಮತದಾರ ತೆರೆಯ ಮೇಲಿನ ಪ್ರೀತಿಯನ್ನೂ ಮತಪೆಟ್ಟಿಗೆಯನ್ನೂ ಬೇರೆ ಬೇರೆ ಇಟ್ಟುಕೊಳ್ಳಲು ಆ ನಿರಾಕರಣೆಯೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ. 2013ರ ಉಪಚುನಾವಣೆಯಲ್ಲಿ ಮಂಡ್ಯದಿಂದ ಗೆದ್ದ ರಮ್ಯಾ ಮರುವರ್ಷವೇ ಅಲ್ಲಿ ಸೋತರು. ನಿಖಿಲ್ ಮಂಡ್ಯ, ರಾಮನಗರ, ಚನ್ನಪಟ್ಟಣ ಮೂರರಲ್ಲೂ ಸೋತರು. ಅನಂತನಾಗ್ ಮಲ್ಲೇಶ್ವರದಲ್ಲಿ ಗೆದ್ದು ಮಂತ್ರಿಯಾದವರು, 2004ರಲ್ಲಿ ಚಾಮರಾಜಪೇಟೆಯಲ್ಲಿ ಸೋತರು.

ಇಂದು ಬದಲಾಗಿರುವುದು ಬಲದ ದಿಕ್ಕು. ಹಿಂದೆ ಸಿನಿಮಾಕ್ಕೆ ಜನರಿದ್ದರು, ರಾಜಕಾರಣಿ ಆ ಜನರಿಗಾಗಿ ಸಿನಿಮಾದ ಬಾಗಿಲು ತಟ್ಟುತ್ತಿದ್ದ. ಈಗ ಜನ ಚದುರಿದ್ದಾರೆ. ಸಹಾಯಧನ, ತೆರಿಗೆ, ಚಿತ್ರೀಕರಣದ ಅನುಮತಿ ಎಲ್ಲಕ್ಕೂ ಸಿನಿಮಾವೇ ಸರ್ಕಾರದ ಬಾಗಿಲಿಗೆ ಹೋಗಬೇಕಾಗಿದೆ. 2025ರ ಮಾರ್ಚಿನಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದ ಉದ್ಘಾಟನೆಗೆ ಬಹುತೇಕ ತಾರೆಯರು ಬಾರದಿದ್ದಾಗ, ಯಾರ ನಟ್ಟು ಬೋಲ್ಟು ಎಲ್ಲಿ ಬಿಗಿ ಮಾಡಬೇಕೆಂಬುದು ತಮಗೆ ಗೊತ್ತು ಎಂದು ಉಪಮುಖ್ಯಮಂತ್ರಿಗಳು ವೇದಿಕೆಯಿಂದಲೇ ಹೇಳಿದರು. ಮೇಕೆದಾಟು ಪಾದಯಾತ್ರೆಗೆ ಕಲಾವಿದರು ಬರಲಿಲ್ಲವೆಂಬ ಅಸಮಾಧಾನವೂ ಅದರ ಹಿಂದಿತ್ತು. ಜನರ ಬೆಂಬಲ ಗಟ್ಟಿಯಾಗಿದ್ದ ಕಾಲದ ಚಿತ್ರರಂಗದ ಎದುರು ಯಾವ ಪಕ್ಷದವರೂ ಹಾಗೆ ಮಾತನಾಡುತ್ತಿರಲಿಲ್ಲ. ತಾಲ್ಲೂಕಿನ ಟಾಕೀಸಿಗೆ ಬಂದಿರುವ ಬೇಡಿಕೆಯೂ ಅದೇ ಬದಲಾವಣೆಯ ಭಾಗ.

ಗಾರ್ಮೆಂಟ್ಸ್ ಕಾರ್ಮಿಕರು, ಶ್ರೀರಂಗಪಟ್ಟಣ

ನಿಮ್ಮ ಟಾಕೀಸಿನ ಹೆಂಗಸರ ಶೌಚಾಲಯಕ್ಕೆ ಚಿಲಕ ಇದೆಯೇ? ನಮ್ಮೂರ ಟಾಕೀಸಿನಲ್ಲಿ ಇರಲಿಲ್ಲ. ನಾನು ಒಳಗೆ ಹೋದಾಗ ತಂಗಿ ಬಾಗಿಲು ಹಿಡಿದು ನಿಲ್ಲುತ್ತಿದ್ದಳು, ಅವಳು ಹೋದಾಗ ನಾನು. ಅವಳ ಮದುವೆಯಾದ ಮೇಲೆ ಬಾಗಿಲು ಹಿಡಿಯುವವರಿಲ್ಲದೆ ನಾನು ಟಾಕೀಸಿಗೆ ಹೋಗುವುದನ್ನೇ ಬಿಟ್ಟೆ. ಜನ ಯಾಕೆ ಬರುತ್ತಿಲ್ಲ ಎಂದು ನೀವು ಕೇಳುತ್ತೀರಿ. ಬರುವವರಲ್ಲಿ ಅರ್ಧ ಜನ ನಾವಾಗಿದ್ದೆವು.

ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು (ಸ್ವಂತ ಊರು ತುಮಕೂರು)

ಮುಖಂಡರ ದುಡ್ಡು ತಗೊಳ್ಳಬೇಕೋ ಬೇಡವೋ ಎನ್ನುವುದಕ್ಕಿಂತ, ಆ ಚಿತ್ರವನ್ನು ಯಾರಾದರೂ ತಾವಾಗಿಯೇ ನೋಡಬೇಕೆನ್ನುವಂತೆ ಮಾಡಿದ್ದಾರೆಯೇ ಎಂಬುದು ನನ್ನ ಪ್ರಶ್ನೆ. ನಾಯಕನ ಪ್ರವೇಶಕ್ಕೆ ಐದು ನಿಮಿಷ, ಎದುರಾಳಿ ನಟನ ಅಭಿಮಾನಿಗಳಿಗೆ ತಿವಿಯುವ ಸಂಭಾಷಣೆಗೆ ಐದು ನಿಮಿಷ. ನನ್ನ ಹಾಗೆ ರಾತ್ರಿ ಒಂಬತ್ತಕ್ಕೆ ಕೆಲಸ ಮುಗಿಸಿ ಪಿಜಿಗೆ ಮರಳುವ ಹುಡುಗಿಯೊಬ್ಬಳು ಅದರಲ್ಲಿ ಎಲ್ಲಿಯೂ ಇಲ್ಲ. ಊರಿಗೆ ಹೋದಾಗ ಅಪ್ಪ ಈಗ ನನ್ನ ಜೊತೆ ಕುಳಿತು ಮೊಬೈಲಿನಲ್ಲಿ ಮಲಯಾಳ ಚಿತ್ರಗಳನ್ನು ನೋಡುತ್ತಾರೆ, ಅಲ್ಲಿ ಬ್ಯಾಂಕಿನ ಗುಮಾಸ್ತನೂ ನಾಯಕನಾಗುತ್ತಾನೆ ಎಂದು ಖುಷಿಪಡುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್ಟಿಗೆ, ತೆರಿಗೆ ಸೇರದೆ, 200 ರೂಪಾಯಿಯ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟು ತಡೆ ನೀಡಿತು. ದರ ಇಳಿದರೆ ನನಗೂ ಸಂತೋಷವೇ. ಆದರೆ 2022ರಲ್ಲಿ ‘ಕಾಂತಾರ’ ಬಂದಾಗ, ಹನ್ನೊಂದು ವರ್ಷದಿಂದ ಟಾಕೀಸಿನ ಮೆಟ್ಟಿಲು ಹತ್ತದ ಅಮ್ಮ ತಾನೇ ಫೋನ್ ಮಾಡಿ ಟಿಕೆಟ್ ತೆಗೆಸು ಎಂದಳು. ಅವಳು ದರ ಕೇಳಲಿಲ್ಲ.

ಈ ಎರಡು ಪತ್ರಗಳನ್ನು ಮಾಲೀಕರು ಒಟ್ಟಿಗೆ ಓದಬೇಕೆಂದು ಒಂದರ ಕೆಳಗೊಂದು ಇರಿಸಿದ್ದೇವೆ.

ನಿವೃತ್ತ ಆಪರೇಟರ್, ತಿಪಟೂರು

ನಾನು ಕಾರ್ಬನ್ ಕಡ್ಡಿಯ ಬೆಳಕಿನ ಕಾಲದಿಂದ ಡಿಜಿಟಲ್ ಬರುವವರೆಗೆ ಪ್ರೊಜೆಕ್ಟರ್ ಕೋಣೆಯಲ್ಲಿದ್ದವನು. ರೀಲಿನ ಪೆಟ್ಟಿಗೆ ಕೊನೆಯ ಬಸ್ಸಿಗೆ ಬರುವುದು; ಬಸ್ಸು ತಡವಾದರೆ ಜನ ಹೊರಗೆ ಗಲಾಟೆ ಮಾಡುವರು. ತೆರೆಯ ಬಲಮೂಲೆಯಲ್ಲಿ ಚುಕ್ಕೆ ಮಿಂಚಿದ ಕೂಡಲೇ ಎರಡನೆಯ ಮಿಷನ್ ಹಿಡಿಯಬೇಕು, ಕಣ್ಣು ಪಿಳಿಕಿಸಿದರೆ ತೆರೆ ಬೆಳ್ಳಗಾಗಿ ಶಿಳ್ಳೆ ಬೀಳುತ್ತಿತ್ತು. ನಮ್ಮ ಮಾಲೀಕರು ಟಾಕೀಸು ಮುಚ್ಚಿದಾಗ ಎರಡೂ ಮಿಷನ್ನುಗಳನ್ನು ಗುಜರಿಗೆ ತೂಕದ ಲೆಕ್ಕದಲ್ಲಿ ಕೊಟ್ಟರು. ತಕ್ಕಡಿಗೆ ಎತ್ತಿ ಇಡುವಾಗ ನಾನೂ ಒಂದು ಕೈ ಹಿಡಿದೆ. ನಿಮ್ಮಲ್ಲಿ ಹಳೆಯ ಮಿಷನ್ ಇದ್ದರೆ ದಯವಿಟ್ಟು ಮಾರಬೇಡಿ, ಹಜಾರದಲ್ಲಿ ಒರೆಸಿ ಇಡಿ, ಮಕ್ಕಳು ನೋಡಲಿ.

ಇನ್ನೊಂದು ಮಾತು. ಆಪರೇಟರ್ ಚಿತ್ರ ನೋಡುವುದಿಲ್ಲ, ಕಿಂಡಿಯಿಂದ ಜನರ ತಲೆಗಳನ್ನು ನೋಡುತ್ತಾನೆ. ಎಲ್ಲಿ ನಗುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂಬುದೇ ಅವನ ಸಿನಿಮಾ. ಮಾರಾಟವಾದ ಟಿಕೆಟ್ಟಿಗೆ ಖಾಲಿ ಕುರ್ಚಿ ತೋರಿಸಿ ಅವನನ್ನು ದಿನಕ್ಕೆ ನಾಲ್ಕು ಆಟ ಓಡಿಸುವಂತೆ ಮಾಡಬೇಡಿ.

ಕೊನೆಯದಾಗಿ, ಅದೇ ದಾರಿಯಲ್ಲಿ ಒಮ್ಮೆ ನಡೆದು ಬಂದವರ ಪತ್ರ.

ಟಾಕೀಸ್ ಮಾಲೀಕರು, ಬಾಗಲಕೋಟೆ ಜಿಲ್ಲೆ

ನಾ ತೊಗೊಂಡೀನಿ ಎಂದು ಮೊದಲೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಬ್ಬರು ಬಂದು ಒಂದು ವಾರದ ಆಟಗಳನ್ನು ಕೊಂಡರು. ಹೌಸ್‌ಫುಲ್ ಬೋರ್ಡ್ ಹಾಕಿದೆ, ದಿನದ ಕಲೆಕ್ಷನ್ ವರದಿಯಲ್ಲಿ ತುಂಬಿದ ಲೆಕ್ಕ ಬರೆದೆ, ಒಳಗೆ ನಲವತ್ತು ಜನ. ಎರಡನೆಯ ದಿನ ಎಂಟು ಕಿಲೋಮೀಟರ್ ದೂರದ ಹಳ್ಳಿಯಿಂದ ಟ್ರ್ಯಾಕ್ಟರ್ ಮಾಡಿಕೊಂಡು ಒಂದು ಕುಟುಂಬ ಬಂದಿತ್ತು; ಬುತ್ತಿ ಕಟ್ಟಿಕೊಂಡು, ಅಜ್ಜಿಯನ್ನೂ ಕರಕೊಂಡು. ಬೋರ್ಡ್ ನೋಡಿ ತಿರುಗಿ ಹೋದರು. ಒಳಗೆ ಐನೂರಕ್ಕೂ ಹೆಚ್ಚು ಕುರ್ಚಿ ಖಾಲಿ ಇದ್ದವು, ಟಿಕೆಟ್ಟುಗಳು ಮಾತ್ರ ನನ್ನವಲ್ಲ. ಆ ಕುಟುಂಬ ಮತ್ತೆ ಬರಲಿಲ್ಲ. ಚುನಾವಣೆಯಲ್ಲಿ ಆ ಮುಖಂಡರು ಸೋತರು. ಗೆದ್ದವರ ಕಡೆಯವರು ಎರಡು ವರ್ಷ ನನ್ನನ್ನು ಅವರ ಮನುಷ್ಯನೆಂದೇ ನೋಡಿದರು. ವಾರದ ದುಡ್ಡು ಎರಡು ತಿಂಗಳಿಗೆ ಕರಗಿತು.

ಈಗ ಏನು ಮಾಡಿದ್ದೇನೆಂದರೆ, ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ ದಿನಕ್ಕೆ ಎರಡು ಆಟ ಇಟ್ಟಿದ್ದೇನೆ, ಟಿಕೆಟ್ ನೂರರ ಒಳಗೆ. ಬಿಡುವಿನ ತಿಂಗಳುಗಳಲ್ಲಿ ನಾಟಕ ಕಂಪನಿಗೆ ಬಾಡಿಗೆಗೆ ಕೊಡುತ್ತೇನೆ. ನಮ್ಮ ಕಡೆ ಕಂಪನಿ ನಾಟಕಕ್ಕೆ ಇನ್ನೂ ಜನರಿದ್ದಾರೆ, ನಿಮ್ಮ ಕಡೆ ಹೇಗೋ ವಿಚಾರಿಸಿ. ಅಂಗಳವನ್ನು ಸಭೆಗೆ ಕೇಳಿದರೆ ಯಾವ ಪಕ್ಷಕ್ಕೂ ಇಲ್ಲ ಎನ್ನುವುದಿಲ್ಲ: ಎಲ್ಲರಿಗೂ ಒಂದೇ ಬಾಡಿಗೆ, ಮುಂಗಡ ಹಣ, ಪಕ್ಕಾ ರಸೀದಿ, ಮರುದಿನ ಬೆಳಿಗ್ಗೆ ಹತ್ತರೊಳಗೆ ಕಟೌಟ್ ಕೆಳಗೆ. ಕೆಲಸಗಾರರನ್ನು ಕೂರಿಸಿಕೊಂಡು ಬಾಕಿ ಸಂಬಳದ ಲೆಕ್ಕವನ್ನು ಎದುರಿಗಿಟ್ಟೆ. ಕಂತಿನಲ್ಲಿ ತೀರಿಸಿದೆ, ಇಬ್ಬರು ಈಗ ಅರ್ಧ ದಿನ ಬೇರೆ ಕೆಲಸಕ್ಕೂ ಹೋಗುತ್ತಾರೆ. ಲಾಭವಿಲ್ಲ, ಸಾಲ ಬೆಳೆದಿಲ್ಲ. ಕೌಂಟರಿನಲ್ಲಿ ಕೂತಾಗ ಕೈಚಾಚಿ ದುಡ್ಡು ಕೊಡುವವರ ಮುಖ ಕಾಣಿಸುತ್ತದೆ. ಯಾವಾಗಲಾದರೂ ಬನ್ನಿ, ಲೆಕ್ಕದ ಪುಸ್ತಕ ಬಿಚ್ಚಿಯೇ ತೋರಿಸುತ್ತೇನೆ.

ಬಾಗಲಕೋಟೆ ಜಿಲ್ಲೆಯ ಮಾಲೀಕರು ತಮ್ಮ ಫೋನ್ ಸಂಖ್ಯೆಯನ್ನು ಪತ್ರದ ಜೊತೆ ಕಳಿಸಿದ್ದರು. ಅದನ್ನು ಸಮಸ್ಯೆ ಬರೆದವರಿಗೆ ತಲುಪಿಸಿದ್ದೇವೆ. ಪ್ರಕಟಿಸಲಾಗದ ಉಳಿದ ಪತ್ರಗಳನ್ನೂ ಅವರಿಗೆ ಅಂಚೆಯಲ್ಲಿ ಕಳಿಸಿದ್ದೇವೆ.