ಖಾಲಿ ಬಾಟಲಿ, ಡಬ್ಬಿಗಳಿಂದ ಹೂದಾನಿ: ಹಚ್ಚಿದ ಬಣ್ಣ ನಿಲ್ಲುತ್ತಿಲ್ಲ, ಮಾಡಿ ನೋಡಿದವರು ಹೇಳಿ

ಜಾಮ್ ಬಾಟಲಿ, ಶಾಂಪೂ ಬಾಟಲಿ, ತಗಡಿನ ಡಬ್ಬಿ ಎಲ್ಲ ಸೇರಿ ಒಂದು ಚೀಲ ತುಂಬ ಕೂಡಿಟ್ಟಿದ್ದೇನೆ. ಮೊದಲು ಒಂದು ಗಾಜಿನ ಬಾಟಲಿಗೆ ಅಕ್ರಿಲಿಕ್ ಬಣ್ಣ ಹಚ್ಚಿದೆ. ಒಣಗಿದಾಗ ಚೆಂದ ಕಾಣುತ್ತಿತ್ತು. ಎರಡನೇ ಸಲ ನೀರು ಬದಲಾಯಿಸಿ ತೊಳೆಯುವಾಗ ಬಣ್ಣ ಹಾವಿನ ಪೊರೆಯ ಹಾಗೆ ಎದ್ದು ಬಂತು. ಶಾಂಪೂ ಬಾಟಲಿಯದಂತೂ ಉಗುರು ತಾಗಿದರೂ ಉದುರುತ್ತದೆ. ನಾನು ಇಡಬೇಕೆಂದಿರುವುದು ನಿಜವಾದ ಹೂವು, ನೀರು ಇರಲೇಬೇಕು. ಎಲ್ಲಿ ತಪ್ಪುತ್ತಿದ್ದೇನೆ?

*

ನನ್ನ ಮೊದಲ ಮೂರು ಬಾಟಲಿಗಳೂ ಹೀಗೇ ಹಾಳಾದವು. ಗಾಜಿನ ಮೈ ನುಣುಪು, ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ. ಅದರ ಮೇಲೆ ಲೇಬಲ್ಲಿನ ಅಂಟು, ಕೈಯ ಜಿಡ್ಡು ಬೇರೆ. ಈಗ ನಾನು ಬಣ್ಣ ಹಚ್ಚುವುದಕ್ಕಿಂತ ತೊಳೆಯುವುದಕ್ಕೇ ಹೆಚ್ಚು ಹೊತ್ತು ಕೊಡುತ್ತೇನೆ. ರಾತ್ರಿ ಸೋಪಿನ ನೀರಿನಲ್ಲಿ ಮುಳುಗಿಸಿಟ್ಟರೆ ಬೆಳಿಗ್ಗೆ ಕಾಗದ ಸುಲಭವಾಗಿ ಬಿಡುತ್ತದೆ. ಉಳಿದ ಅಂಟಿಗೆ ಅಡುಗೆ ಎಣ್ಣೆ, ಅಡುಗೆ ಸೋಡಾ ಸಮಸಮ ಕಲಸಿ ಬಳಿದು ಅರ್ಧ ಗಂಟೆ ಬಿಟ್ಟು ಉಜ್ಜಿ. ಆಮೇಲೆ ಆ ಎಣ್ಣೆಯೂ ಹೋಗಬೇಕಲ್ಲ, ಮತ್ತೊಮ್ಮೆ ಸೋಪು ಹಾಕಿ ತೊಳೆದು, ಪೂರ್ತಿ ಒಣಗಿಸಿ, ಹತ್ತಿಗೆ ಸ್ಪಿರಿಟ್ ಹಾಕಿಕೊಂಡು ಒರೆಸಿ. ಅಲ್ಲಿಂದಾಚೆ ಬಾಟಲಿಯ ಮೈ ಮುಟ್ಟಬಾರದು, ಬಾಯಿಯೊಳಗೆ ಬೆರಳಿಟ್ಟೇ ಎತ್ತಬೇಕು.

ಗಾಜಿಗೆಂದೇ ಮಾಡಿದ ಎನಾಮೆಲ್ ಅಕ್ರಿಲಿಕ್ ಬಣ್ಣ ಸಿಗುತ್ತದೆ, ಅದನ್ನೇ ತೆಗೆದುಕೊಳ್ಳಿ. ಒಂದೇ ಸಲ ದಪ್ಪಗೆ ಬಳಿಯದೆ ತೆಳ್ಳಗೆ ಎರಡು ಮೂರು ಸಲ ಹಚ್ಚಿ. ಒಂದು ಗಂಟೆಯಲ್ಲಿ ಒಣಗಿದ ಹಾಗೆ ಕಾಣುತ್ತದೆ, ಆದರೆ ನೀರು ತಡೆಯುವಷ್ಟು ಗಟ್ಟಿಯಾಗಲು ಸುಮಾರು 21 ದಿನ ಬೇಕು. ನೀವು ಅಲ್ಲೇ ಅವಸರ ಮಾಡಿರಬಹುದು. ಕಾಯಲಾಗದಿದ್ದರೆ ಓವನ್ನಿನಲ್ಲಿ ಸುಡಬಹುದು. ನನ್ನ ಬಣ್ಣದ ಡಬ್ಬಿಯ ಮೇಲೆ 175 ಡಿಗ್ರಿ ಸೆಲ್ಸಿಯಸ್, 30 ನಿಮಿಷ ಎಂದಿತ್ತು, ನಿಮ್ಮದರ ಮೇಲೆ ಬರೆದದ್ದನ್ನು ನೋಡಿ ಮಾಡಿ. ಬಾಟಲಿಯನ್ನು ತಣ್ಣಗಿನ ಓವನ್ನಿನಲ್ಲಿಟ್ಟು ಆಮೇಲೆ ಶಾಖ ಏರಿಸಬೇಕು, ಪೂರ್ತಿ ಆರಿದ ಮೇಲಷ್ಟೇ ಹೊರತೆಗೆಯಬೇಕು. ಬಿಸಿ ಗಾಜಿಗೆ ಥಟ್ಟನೆ ತಣ್ಣನೆ ಗಾಳಿ ತಾಗಿದರೆ ಸೀಳಿಬಿಡುತ್ತದೆ. ನಾನು ತುಂಬ ಇಷ್ಟಪಟ್ಟು ಮಾಡಿದ್ದ ಒಂದನ್ನು ಹಾಗೆಯೇ ಕಳೆದುಕೊಂಡೆ.

ಬಾಟಲಿಯ ಒಳಗೆ ಬಣ್ಣ ಸುರಿದು ತಿರುಗಿಸುವ ವಿಧಾನವೂ ಇದೆ. ಹೊರಗಿನಿಂದ ಪಿಂಗಾಣಿಯ ಹಾಗೆ ಹೊಳೆಯುತ್ತದೆ, ಆದರೆ ಒಣಹೂವಿಗೆ ಮಾತ್ರ ಸರಿ. ನೀರು ಬಿದ್ದರೆ ನಿಲ್ಲುವುದಿಲ್ಲ.

*

ಶಾಂಪೂ ಬಾಟಲಿಯ ತಳ ತಿರುಗಿಸಿ ನೋಡಿ. ತ್ರಿಕೋನದೊಳಗೆ 2 ಅಥವಾ 5 ಇದ್ದರೆ ಅದು ಪಾಲಿಥೀನ್ ಇಲ್ಲವೇ ಪಾಲಿಪ್ರೊಪಿಲೀನ್. ಅವುಗಳ ಮೈಗೆ ಬಣ್ಣವಾಗಲಿ ಅಂಟಾಗಲಿ ಸರಿಯಾಗಿ ಕೂರುವುದಿಲ್ಲ, ನಿಮ್ಮ ಕೈಯದು ತಪ್ಪಲ್ಲ. ನಾನು ಅವಕ್ಕೆ ಬಣ್ಣ ಹಚ್ಚುವುದನ್ನೇ ಬಿಟ್ಟು ಬಟ್ಟೆ ತೊಡಿಸುತ್ತೇನೆ. ಹಳೆಯ ಸ್ವೆಟರಿನ ತೋಳು ಕತ್ತರಿಸಿ ಕೆಳಗೆ ಒಂದು ಹೊಲಿಗೆ ಹಾಕಿದರೆ ಬಾಟಲಿಗೆ ಹೇಳಿ ಮಾಡಿಸಿದ ಅಂಗಿ. ನೀರು ಬದಲಾಯಿಸುವಾಗ ಅಂಗಿ ಬಿಚ್ಚಿಡಿ, ಕೊಳೆಯಾದರೆ ಒಗೆದು ಹಾಕಿ.

1 ಎಂದಿದ್ದರೆ ಪೆಟ್, ಕುಡಿಯುವ ನೀರಿನ ಬಾಟಲಿಗಳದ್ದು. ನಯವಾದ ಉಜ್ಜುಕಾಗದದಿಂದ ಮೈ ಮಸುಕಾಗುವವರೆಗೆ ಉಜ್ಜಿದರೆ ಬಣ್ಣ ಪರವಾಗಿಲ್ಲ, ನಿಲ್ಲುತ್ತದೆ. ಬಿಸಿನೀರು ಮಾತ್ರ ಹಾಕಬೇಡಿ, 70 ಡಿಗ್ರಿ ದಾಟಿದರೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಇದೇ ಗುಣದಿಂದ ಉಪಯೋಗವೂ ಇದೆ. ಕತ್ತರಿಸಿದ ಹರಿತ ಅಂಚನ್ನು ಹದವಾಗಿ ಬಿಸಿಯಾದ ಇಸ್ತ್ರಿಪೆಟ್ಟಿಗೆಗೆ, ನಡುವೆ ಬೇಕಿಂಗ್ ಪೇಪರ್ ಇಟ್ಟು, ಒಂದೆರಡು ಸೆಕೆಂಡ್ ಒತ್ತಿದರೆ ಅಂಚು ಒಳಕ್ಕೆ ಮಡಚಿ ನುಣ್ಣಗಾಗುತ್ತದೆ. ಕಿಟಕಿ ತೆರೆದಿಟ್ಟು ಮಾಡಿ.

ಪ್ಲಾಸ್ಟಿಕ್ ಹಗುರ, ಹೂವಿಟ್ಟರೆ ತಲೆಭಾರಕ್ಕೆ ಮಗುಚುತ್ತದೆ. ತಳದಲ್ಲಿ ತೊಳೆದ ಬೆಣಚುಕಲ್ಲು ಹಾಕಿ. ಮರಳು ಬೇಡ, ನೀರು ರಾಡಿಯಾಗುತ್ತದೆ.

*

ತಗಡಿನ ಡಬ್ಬಿಗೆ ನೇರವಾಗಿ ನೀರು ತುಂಬಬೇಡಿ. ಕತ್ತರಿಸಿದ ಅಂಚಿನಿಂದಲೋ ಬೆಸುಗೆಯಿಂದಲೋ ತುಕ್ಕು ಶುರುವಾಗಿ ಕೆಳಗಿನ ಮೇಜಿನ ಮೇಲೂ ಕೆಂಪು ಬಳೆ ಬೀಳುತ್ತದೆ. ಒಳಗೊಂದು ಗಾಜಿನ ಬಾಟಲಿ ಇಳಿಸಿ, ನೀರೆಲ್ಲ ಅದರಲ್ಲಿ. ಡಬ್ಬಿಗೆ ಮೊಳೆಯಿಂದ ತೂತಿನ ಚಿತ್ತಾರ ಮಾಡುವ ಆಸೆಯಿದ್ದರೆ ಮೊದಲು ನೀರು ತುಂಬಿ ಫ್ರೀಜರಿನಲ್ಲಿಟ್ಟು ಗಟ್ಟಿಮಾಡಿ. ಒಳಗೆ ಮಂಜುಗಡ್ಡೆ ಇದ್ದರೆ ಸುತ್ತಿಗೆ ಪೆಟ್ಟಿಗೆ ತಗಡು ನೆಗ್ಗುವುದಿಲ್ಲ.

*

ಸೆಣಬಿನ ಹುರಿ ಸುತ್ತುವವರಿಗೆ ಒಂದು ಮಾತು. ಬಿಳಿ ಫೆವಿಕಾಲಿನಂಥ ಅಂಟು ಒಣಗಿದ ಮೇಲೂ ನೀರು ಕುಡಿದರೆ ಸಡಿಲವಾಗುತ್ತದೆ. ನಾನು ತಳದವರೆಗೂ ಸುತ್ತಿದ್ದೆ. ಹನಿ ಇಳಿದಿಳಿದು ಹುರಿ ಯಾವಾಗಲೂ ಒದ್ದೆ, ಒಂದು ತಿಂಗಳಲ್ಲಿ ಕಪ್ಪು ಬೂಷ್ಟು ಹಿಡಿಯಿತು. ಈಗ ಕೆಳಗೆ ಒಂದು ಬೆರಳಗಲ, ಬಾಯಿಯ ಹತ್ತಿರ ಅಷ್ಟೇ ಬಿಟ್ಟು ಸುತ್ತುತ್ತೇನೆ. ಆಮೇಲೆ ಆ ತೊಂದರೆ ಬಂದಿಲ್ಲ.

*

ಕೀಟನಾಶಕ, ಕಕ್ಕಸು ತೊಳೆಯುವ ದ್ರಾವಣ ಇದ್ದ ಡಬ್ಬಿಗಳನ್ನು ದಯವಿಟ್ಟು ಇದಕ್ಕೆ ಬಳಸಬೇಡಿ, ಎಷ್ಟೇ ಚೆಂದದ ಆಕಾರ ಇರಲಿ. ಒಳಗೆ ಆಮ್ಲದ ಶೇಷವಿದ್ದು ಮೇಲಿಂದ ಬ್ಲೀಚ್ ಸುರಿದು ತೊಳೆದರೆ ಕ್ಲೋರಿನ್ ಅನಿಲ ಏಳುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಮಾಡುವ ಕೆಲಸ ಇದು, ಈ ಎಚ್ಚರ ಬೇಕೇ ಬೇಕು.

*

ಬಾಟಲಿ ಸಿದ್ಧವಾದ ಮೇಲೆ ಹೂವಿನ ಕಡೆಗೂ ಗಮನ ಇರಲಿ. ಜಾಮ್ ಬಾಟಲಿಯ ಬಾಯಿ ಅಗಲ, ದಂಟುಗಳೆಲ್ಲ ಅಂಚಿಗೆ ಒರಗಿ ನಡು ಬೋಳಾಗುತ್ತದೆ. ಬಾಯಿಗೆ ಅಡ್ಡ, ಉದ್ದ ಪಾರದರ್ಶಕ ಟೇಪು ಅಂಟಿಸಿ ಚೌಕುಳಿ ಮಾಡಿ, ಒಂದೊಂದು ಮನೆಯಲ್ಲಿ ಒಂದೊಂದು ದಂಟು ನಿಲ್ಲಿಸಿ. ಹತ್ತೇ ಹೂವಿದ್ದರೂ ತುಂಬಿ ಕಾಣುತ್ತದೆ. ನೀರಿನೊಳಗೆ ಮುಳುಗುವ ಎಲೆಗಳನ್ನೆಲ್ಲ ಕಿತ್ತುಬಿಡಿ, ಕೊಳೆಯುವುದು ಅವುಗಳಿಂದಲೇ. ಎರಡು ದಿನಕ್ಕೊಮ್ಮೆ ನೀರು ಬದಲಾಯಿಸುವಾಗ ದಂಟಿನ ತುದಿಯನ್ನು ಓರೆಯಾಗಿ ಸ್ವಲ್ಪ ಕತ್ತರಿಸಿ.

*

ಕೇಳಿದವಳು ನಾನೇ. ಎಲ್ಲರಿಗೂ ತುಂಬ ಥ್ಯಾಂಕ್ಸ್. ಶಾಂಪೂ ಬಾಟಲಿ ಮಗನ ಹಳೆಯ ಸ್ವೆಟರಿನ ತೋಳು ತೊಟ್ಟು ಕಿಟಕಿಯಲ್ಲಿ ಕೂತಿದೆ, ಹೊಟ್ಟೆಯಲ್ಲಿ ಕಲ್ಲು ಇರುವುದರಿಂದ ಗಾಳಿಗೂ ಅಲುಗುತ್ತಿಲ್ಲ. ಗಾಜಿನದಕ್ಕೆ ಹೊಸದಾಗಿ ಬಣ್ಣ ಹಚ್ಚಿ ಇವತ್ತಿಗೆ 9 ದಿನ, ಮುಟ್ಟಿಲ್ಲ. ಉದ್ದ ಕತ್ತಿನ ಒಂದು ಬಾಟಲಿಯೊಳಗೆ ಮಾತ್ರ ಲೋಳೆ ಕಟ್ಟಿದೆ, ಬ್ರಷ್ ಹೋಗುವುದಿಲ್ಲ. ಅದಕ್ಕೇನು ಮಾಡಲಿ?

*

ಎರಡು ಚಮಚ ಕಲ್ಲುಪ್ಪು, ಅದು ನೆನೆಯುವಷ್ಟು ವಿನೆಗರ್ ಹಾಕಿ ಬಾಯಿ ಮುಚ್ಚಿ ಜೋರಾಗಿ ಕುಲುಕಿ. ಉಪ್ಪು ಕರಗುವ ಮೊದಲು ಗೋಡೆಯನ್ನೆಲ್ಲ ಉಜ್ಜಿಕೊಂಡು ಬರುತ್ತದೆ. ಬಿಡದಿದ್ದರೆ ಇನ್ನೊಂದು ಸಲ.