ಶಿರಸಿ, ಗೋಕರ್ಣ, ಕಾರವಾರ ಕಡೆ ಇವಿ (ಎಲೆಕ್ಟ್ರಿಕ್ ಕಾರು) ತಗೊಂಡು ಹೋಗುವವರು ಯಾವ ಅಡಾಪ್ಟರ್ ಇಟ್ಟುಕೊಳ್ಳಬೇಕು?

ಕೇಳಿದವರು, ಬೆಂಗಳೂರಿನಿಂದ: ನಾಲ್ಕು ದಿನ ಶಿರಸಿ, ಗೋಕರ್ಣ, ಕಾರವಾರ ಸುತ್ತುವ ಯೋಚನೆ. ಕಾರಿನ ಬ್ಯಾಟರಿ 30 ಯೂನಿಟ್‌ನದು, ಜೊತೆಗೆ ಬಂದ 15 ಆಂಪ್ ಪೋರ್ಟಬಲ್ ಚಾರ್ಜರ್ ಇದೆ. ಹೋಂಸ್ಟೇಯವರು “ಪ್ಲಗ್ ಪಾಯಿಂಟ್ ಇದೆ, ಅಡ್ಡಿಲ್ಲ ಬನ್ನಿ” ಅಂತಾರೆ. ಆನ್‌ಲೈನ್‌ನಲ್ಲಿ ಮೂರು ಬಗೆ ಕಾಣ್ತಿವೆ: ದೊಡ್ಡ ಪ್ಲಗ್ಗನ್ನು 6 ಆಂಪ್ ಸಾಕೆಟ್ಟಿಗೆ ಕೂರಿಸುವುದು, ನೀಲಿ ಇಂಡಸ್ಟ್ರಿಯಲ್ ಪ್ಲಗ್‌ನದು, ಅರ್ತಿಂಗ್ ಇಲ್ಲದ ಕಡೆಗೆ ಅಂತ ಒಂದು. ಯಾವುದು ತಗೊಳ್ಳಲಿ?

ಕುಮಟಾದಿಂದ: ನೀಲಿಯದು ತಗೊಳ್ಳಿ, ಉಳಿದೆರಡನ್ನು ಮುಟ್ಟಬೇಡಿ ಮಾರಾಯ್ರೆ. ಡಿಸಿ ಫಾಸ್ಟ್ ಚಾರ್ಜರ್‌ಗೆ ಅಡಾಪ್ಟರ್ ಬೇಕಾಗಿಯೇ ಇಲ್ಲ, ಕಾರಿಗೆ ಚುಚ್ಚುವ ಸಿಸಿಎಸ್2 ಗನ್ ಕೇಬಲ್ ಸಮೇತ ಅಲ್ಲೇ ಇರ್ತದೆ. ಅಡಾಪ್ಟರ್ ಪ್ರಶ್ನೆ ಏಳೋದು ರಾತ್ರಿ ಉಳಿದುಕೊಳ್ಳುವ ಮನೆಯಲ್ಲಿ.

ಶಿರಸಿಯಿಂದ, ವೈರಿಂಗ್ ಕೆಲಸದವರು: ಕುಮಟಾದವರು ಹೇಳಿದ್ದು ಸರಿ, ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೆ.

15 ಆಂಪ್ ಚಾರ್ಜರ್ ಸುಮಾರು 13 ಆಂಪ್ ಎಳೀತದೆ, ಅದೂ ಎಂಟು-ಹತ್ತು ತಾಸು ಬಿಡದೆ. ಇಸ್ತ್ರಿಪೆಟ್ಟಿಗೆ, ಮಿಕ್ಸರ್ ಹಾಗಲ್ಲ, ಅವು ನಡುನಡುವೆ ನಿಲ್ತವೆ. 6 ಆಂಪ್ ಸಾಕೆಟ್ಟಿನ ಹಿಂದೆ ಇರೋದು 1 ಅಥವಾ 1.5 ಚದರ ಮಿ.ಮೀ. ವೈರು. ಎಂಸಿಬಿ (ಲೋಡ್ ಹೆಚ್ಚಾದರೆ ತಾನಾಗಿ ಆರುವ ಸ್ವಿಚ್) ಇದ್ದರೆ ಟ್ರಿಪ್ ಆಗಿ ಬಚಾವು. ಹಳೆಯ ತೋಟದ ಮನೆಗಳಲ್ಲಿ ಇನ್ನೂ ತಂತಿ ಸುತ್ತುವ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸು, ಅದಕ್ಕೆ ಯಾರೋ ಯಾವಾಗಲೋ ದಪ್ಪ ತಂತಿ ಸುತ್ತಿಟ್ಟಿರ್ತಾರೆ. ಅಲ್ಲಿ ಫ್ಯೂಸು ಹೋಗೋದಿಲ್ಲ, ಗೋಡೆಯೊಳಗಿನ ವೈರೇ ಬಿಸಿಯಾಗ್ತದೆ. ನಿಮ್ಮ ಚಾರ್ಜರಿನ ದೊಡ್ಡ ಪ್ಲಗ್ಗಿನ (16 ಆಂಪ್) ಪಿನ್ನನ್ನು ದಪ್ಪ ಮಾಡಿದ್ದೇ ಸಣ್ಣ ತೂತಿಗೆ ಹೋಗಬಾರದು ಅಂತ; ಆ ಅಡಾಪ್ಟರ್ ಮಾಡೋದು ಆ ಬೇಲಿ ಮುರಿಯುವ ಕೆಲಸ.

ಅರ್ತಿಂಗ್ ಇಲ್ಲದ ಕಡೆಯದ್ದು ಇನ್ನೂ ಕೆಟ್ಟದ್ದು. ಬಿಚ್ಚಿ ನೋಡಿದರೆ ಒಳಗೆ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಒಂದು ತುಂಡು ವೈರು, ಅಷ್ಟೇ. ಚಾರ್ಜರ್ ಅದನ್ನೇ ಅರ್ತ್ ಅಂತ ನಂಬಿ ಹಸಿರು ದೀಪ ತೋರಿಸ್ತದೆ. ಸಾಕೆಟ್ಟಿನಲ್ಲಿ ಫೇಸು-ನ್ಯೂಟ್ರಲ್ ಅದಲು ಬದಲಾಗಿದ್ದರೆ, ಇಲ್ಲಾ ಮಳೆಗಾಳಿಗೆ ನ್ಯೂಟ್ರಲ್ ಕಡಿದರೆ, ಕಾರಿನ ಬಾಡಿಗೇ 230 ವೋಲ್ಟ್. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದವನ ಗತಿ ಹೇಳೋದೇ ಬೇಡ.

ಅದರ ಬದಲು ಒಂದು ಮಲ್ಟಿಮೀಟರ್ ತಗೊಳ್ಳಿ. ಫೇಸು-ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸು-ಅರ್ತ್ ನಡುವೆಯೂ ಅಷ್ಟೇ, ನ್ಯೂಟ್ರಲ್-ಅರ್ತ್ ನಡುವೆ 2–3 ವೋಲ್ಟಿನ ಒಳಗೆ ಇರಬೇಕು. ಫೇಸು-ಅರ್ತ್ 100, 120 ಅಂತ ತೋರಿಸಿದರೆ ಅರ್ತ್ ತಂತಿ ಎಲ್ಲಿಗೂ ಹೋಗಿಲ್ಲ ಅಂತಲೇ ಲೆಕ್ಕ. ಚಿರೆಕಲ್ಲಿನ ನೆಲದಲ್ಲಿ ಏಪ್ರಿಲ್-ಮೇ ಹೊತ್ತಿಗೆ ಅರ್ತಿಂಗ್ ಗುಂಡಿ ಒಣಗಿರ್ತದೆ. ಎರಡು ಕೊಡ ನೀರು ಹೊಯ್ದು ಅರ್ಧ ತಾಸು ಬಿಟ್ಟು ಮತ್ತೆ ಅಳೆಯಿರಿ. ಎಷ್ಟೋ ಸಲ ಅಷ್ಟರಲ್ಲೇ ಅರ್ತ್ ಇಲ್ಲ ಅಂತ ತೋರಿಸುವ ಚಾರ್ಜರಿನ ಕೆಂಪು ದೀಪ ಹೋಗ್ತದೆ.

ಚಾರ್ಜ್ ಶುರುವಾದ ಮೇಲೆ ವೋಲ್ಟೇಜ್ ಇನ್ನೊಮ್ಮೆ ನೋಡಿ. 225 ಇದ್ದದ್ದು 205ಕ್ಕೆ ಇಳಿದರೆ, 20 ವೋಲ್ಟನ್ನು 13 ಆಂಪಿಗೆ ಗುಣಿಸಿ: 260 ವ್ಯಾಟ್ ಶಾಖ ಕಂಬದಿಂದ ಸಾಕೆಟ್‌ವರೆಗೆ ಎಲ್ಲೋ ಸುರೀತಾ ಇದೆ. ಕರೆಂಟ್ ಇಳಿಸುವ ಸೌಲಭ್ಯ ಇರುವ ಚಾರ್ಜರ್ ಆದರೆ 10ಕ್ಕೋ 8ಕ್ಕೋ ಇಳಿಸಿ. ನಿಮ್ಮದರಲ್ಲಿ ಇಲ್ಲದಿದ್ದರೆ ಆ ಪಾಯಿಂಟ್ ಬಿಡಿ.

ಕೇಳಿದವರು: ಗೀಸರ್ ಪಾಯಿಂಟ್ ಆದರೆ ನಡೀತದಾ? ಇನ್ನೊಂದು, ಅಂಗಳದವರೆಗೆ ಎಕ್ಸ್‌ಟೆನ್ಶನ್ ಬೇಕಾಗ್ತದೆ.

ಅಂಕೋಲಾದಿಂದ: ಶಿರಸಿ ಕಡೆ ಬಚ್ಚಲಲ್ಲಿ ಹಂಡೆಗೆ ಬೆಂಕಿ ಹಾಕ್ತಾರೆ, ಗೀಸರ್ ಪಾಯಿಂಟ್ ಎಲ್ಲಿಂದ ಬರಬೇಕು! ಕರಾವಳಿಯ ರೂಮುಗಳಲ್ಲಿ ಏಸಿ ಪಾಯಿಂಟ್ ಕೇಳಿ. ಅದಕ್ಕೆ ಹೆಚ್ಚಾಗಿ ಪ್ರತ್ಯೇಕ ಲೈನು, 4 ಚದರ ಮಿ.ಮೀ. ವೈರು, 20 ಆಂಪ್ ಎಂಸಿಬಿ ಇರ್ತದೆ. ಕಿಟಕಿ ಪಕ್ಕದಲ್ಲೇ ಇರೋದರಿಂದ ಕೇಬಲ್ ಹೊರಗೆ ತರೋದೂ ಸಲೀಸು.

ಎಕ್ಸ್‌ಟೆನ್ಶನ್ 2.5 ಚದರ ಮಿ.ಮೀ. ಮೂರು ಕೋರಿನ ತಾಮ್ರದ್ದೇ ಇರಲಿ. 20 ಮೀಟರ್ ಉದ್ದಕ್ಕೆ ಅದರಲ್ಲಿ 4 ವೋಲ್ಟ್ ಹೋಗ್ತದೆ. 1 ಚದರ ಮಿ.ಮೀ. ಆದರೆ 10 ವೋಲ್ಟ್, ಅಂದರೆ 120 ವ್ಯಾಟಿಗೂ ಹೆಚ್ಚು ಕೇಬಲ್ಲಿನಲ್ಲೇ ಬಿಸಿ. ರೀಲಿಗೆ ಸುತ್ತಿಟ್ಟೇ ಹಾಕಿದರೆ ಒಳಸುತ್ತು ಕರಗ್ತದೆ, ಪೂರ್ತಿ ಬಿಚ್ಚಿ ಹಾಸಬೇಕು.

ನೀಲಿಯದರ ಬಗ್ಗೆ: 16 ಆಂಪ್, ಮೂರು ಪಿನ್, 230 ವೋಲ್ಟ್ ಅಂತ ನೋಡಿ ತಗೊಳ್ಳಿ. 32 ಆಂಪಿನದು ಗಾತ್ರದಲ್ಲೇ ಬೇರೆ, ಒಂದರೊಳಗೆ ಒಂದು ಕೂರೋದಿಲ್ಲ. ಕೆಂಪು ಬಣ್ಣದ್ದು 415 ವೋಲ್ಟಿನ ತ್ರೀ ಫೇಸಿಗೆ, ನಿಮಗಲ್ಲ. ಹಳೆಯ ಭಾರತ್ ಎಸಿ-001 ಚಾರ್ಜಿಂಗ್ ಕಂಬಗಳಲ್ಲಿ ಇದೇ ನೀಲಿ ಸಾಕೆಟ್ ಮೂರು ಇರ್ತವೆ, ಒಂದೊಂದಕ್ಕೆ 3.3 ಕಿಲೋವ್ಯಾಟ್. ಅಂಗಡಿಯಲ್ಲಿ ಮಾಡಿಸುವುದಾದರೆ ಒಂದು ತುದಿಗೆ ನೀಲಿ ಪ್ಲಗ್, ಇನ್ನೊಂದಕ್ಕೆ 16 ಆಂಪ್ ಸಾಕೆಟ್, ನಡುವೆ ಒಂದಡಿ ಕೇಬಲ್. ಹಸಿರು ಕೋರನ್ನು ಉಳಿದೆರಡಕ್ಕಿಂತ ಒಂದು ಸೆಂ.ಮೀ. ಉದ್ದ ಬಿಡಲು ಹೇಳಿ. ಕೇಬಲ್ ಜಗ್ಗಿದರೂ ಅರ್ತ್ ಕೊನೆಗೆ ಕಳಚಬೇಕು.

ದೊಡ್ಡ ಹೋಟೆಲಿನಲ್ಲಿ “11 ಕಿಲೋವ್ಯಾಟ್” ಟೈಪ್ 2 (ನಿಧಾನದ ಎಸಿ ಚಾರ್ಜರಿನ ಗನ್) ಬೋರ್ಡ್ ಕಂಡು ಹಿಗ್ಗಬೇಡಿ. ಅದು 16 ಆಂಪಿನ ಮೂರು ಫೇಸು ಕೂಡಿದ ಲೆಕ್ಕ. ಸಿಂಗಲ್ ಫೇಸ್ ಕಾರು ಒಂದನ್ನೇ ತಗೊಳ್ತದೆ, ಕೈಗೆ ಸಿಗೋದು ಹೆಚ್ಚೆಂದರೆ 3.7.

ಕಾರವಾರದಿಂದ: ಉಪ್ಪುಗಾಳಿ ಮರೀಬೇಡಿ. ಕಡಲ ಬದಿಯ ಸಾಕೆಟ್ಟುಗಳ ಹಿತ್ತಾಳೆಗೆ ಕಿಲುಬು ಹಿಡಿದಿರ್ತದೆ. ಸಂಪರ್ಕ ಸಡಿಲಾಗಿ 0.1 ಓಮ್ ಅಡ್ಡ ಬಂದರೂ 13 ಆಂಪಿನಲ್ಲಿ ಆ ಒಂದು ಪಿನ್ನಿನ ಬುಡದಲ್ಲೇ 17 ವ್ಯಾಟ್ ಬಿಸಿ. ಹಾಕಿ ಅರ್ಧ ತಾಸಿಗೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪಿನ್ನಿನ ಹತ್ತಿರ ಮುಂಗೈ ಹಿಂಬದಿ ಹಿಡಿದು ನೋಡಿ. ಬೆಚ್ಚಗಿದ್ದರೆ ಅಡ್ಡಿಲ್ಲ. ಸುಡುವಂತಿದ್ದರೆ, ಪ್ಲಾಸ್ಟಿಕ್ ಕಂದಾಗಿದ್ದರೆ ಬೇರೆ ಪಾಯಿಂಟ್ ಹುಡುಕಿ. ಚಾರ್ಜರಿನ ಡಬ್ಬ ಪ್ಲಗ್ಗಿಗೆ ಜೋತು ಬೀಳದ ಹಾಗೆ ಮೊಳೆಗೆ ತೂಗುಹಾಕಿ, ಪಿನ್ ಸಡಿಲಾಗೋದಕ್ಕೆ ಅದರ ಭಾರವೂ ಒಂದು ಕಾರಣ. ಮಳೆಗಾಲದಲ್ಲಿ ಪ್ಲಗ್ಗೂ ಎಕ್ಸ್‌ಟೆನ್ಶನ್ನೂ ಕೂಡುವ ಜಾಗ ಜಗಲಿಯ ಮೇಲಿರಲಿ, ಅಂಗಳದಲ್ಲಿ ಬೇಡ.

ಕೇಳಿದವರು: ಒಂದು ರಾತ್ರಿಗೆ ಎಷ್ಟು ತುಂಬಬಹುದು? ದುಡ್ಡಿನ ಲೆಕ್ಕ ಹ್ಯಾಗೆ?

ಶಿರಸಿಯಿಂದ: 13 ಆಂಪಿನಲ್ಲಿ ಹತ್ತು ತಾಸಿಗೆ ಮೀಟರಿನಲ್ಲಿ 29 ಯೂನಿಟ್ ಓಡ್ತದೆ, ಬ್ಯಾಟರಿಗೆ 26ರ ಹತ್ತಿರ ಹೋಗ್ತದೆ. ಹಾಕುವ ಮುಂಚೆ, ತೆಗೆದ ಮೇಲೆ ಮೀಟರಿನ ಫೋಟೋ ಹೊಡೆದು ಮನೆಯವರಿಗೆ ತೋರಿಸಿ, ತಕರಾರೇ ಇಲ್ಲ. ಬೇಸಿಗೆಯಲ್ಲಿ ಸಂಜೆ ತೋಟದ ಪಂಪುಗಳು ಓಡುವಾಗ ವೋಲ್ಟೇಜ್ ಬೀಳ್ತದೆ, ಊಟ ಮುಗಿಸಿ ಹತ್ತರ ಮೇಲೆ ಹಾಕಿ. ಕರೆಂಟ್ ಹೋಗಿ ಇನ್ವರ್ಟರ್ ಮೇಲಿದ್ದಾಗ ಮಾತ್ರ ಹಾಕಲೇಬೇಡಿ.

ಮತ್ತೆ, ಶಿರಸಿಯಿಂದ ಕೆಳಗಿಳಿಯುವ ಬೆಳಿಗ್ಗೆ ನೂರಕ್ಕೆ ನೂರು ತುಂಬಬೇಡಿ, 85ಕ್ಕೆ ನಿಲ್ಲಿಸಿ. ದೇವಿಮನೆ ಘಟ್ಟ ಇಳಿಯುವಾಗ ರೀಜೆನ್‌ನಿಂದ (ವೇಗ ತಗ್ಗಿಸುವಾಗ ಮೋಟಾರೇ ಕರೆಂಟ್ ಮಾಡಿ ಬ್ಯಾಟರಿಗೆ ಕೊಡೋದು) ಬರುವ ಕರೆಂಟಿಗೆ ತುಂಬಿದ ಬ್ಯಾಟರಿಯಲ್ಲಿ ಜಾಗ ಇರೋದಿಲ್ಲ, ಕಾರು ರೀಜೆನ್ ಕಡಿಮೆ ಮಾಡ್ತದೆ, ತಿರುವು ತಿರುವಿಗೆ ಬ್ರೇಕ್ ಒತ್ತೋದೇ ಆಗ್ತದೆ. ವಾಪಸ್ ಹತ್ತುವಾಗ ಸುಮಾರು 600 ಮೀಟರ್ ಏರು, ಮಾಮೂಲಿಗಿಂತ 3 ಯೂನಿಟ್ ಹೆಚ್ಚು ಇಟ್ಟುಕೊಂಡು ಕುಮಟಾ ಬಿಡಿ.